ಮಾವನವರ ಕಾರ್ಡು ಮತ್ತು ನನ್ನ ನಾಲ್ಕು ತಿದ್ದುಪಡಿಗಳು

ನಮ್ಮ ಮಾವ ವೆಂಕೋಬರಾಯರು ತೀರಿಕೊಂಡಾಗ ಮದ್ರಾಸಿನ ತ್ರಿಪ್ಲಿಕೇನಿನ ಆ ಹಳೆಯ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ತಾನಾಗಿಯೇ ಹಂಚಿಹೋಯಿತು. ಭಾವಮೈದುನ ಗುರುರಾಜ ಕರ್ಮಕ್ಕೆ ಕೂತ. ನನ್ನ ಹೆಂಡತಿ ಪ್ರಮೀಳಾ ಪುರೋಹಿತರು, ಅಡುಗೆಯವರು, ಬಾಳೆ ಎಲೆ ಇತ್ಯಾದಿಗಳ ಉಸ್ತುವಾರಿ ವಹಿಸಿಕೊಂಡಳು. ನಾಗಪುರದಿಂದ ಸುದ್ದಿ ತಿಳಿದ ಕೂಡಲೇ ಓಡಿ ಬಂದಿದ್ದ ನಾದಿನಿ ಸುಧಾ ತನ್ನ ಅಮ್ಮನ ಪಕ್ಕ ಬಿಟ್ಟು ಕದಲಲಿಲ್ಲ. ಉಳಿದವನು ನಾನೊಬ್ಬ. ಸಾವಿನ ಮನೆಯಲ್ಲಿ ಅಳಿಯನಿಗೆ ಹೇಳಿಕೊಳ್ಳುವಂಥ ಹುದ್ದೆ ಇರುವುದಿಲ್ಲ. ಸೂತಕವೂ ಇಲ್ಲ, ಅಧಿಕಾರವೂ ಇಲ್ಲ. ಬಂದವರಿಗೆ ಕುರ್ಚಿ ಹಾಕಬೇಕು, ಹೋದ ಮೇಲೆ ಮಡಚಿಡಬೇಕು. ಬಂದವರು 'ಹೇಗಾಯ್ತು' ಎಂದು ಕೇಳಿದರೆ ಹೇಗಾಯಿತೆಂದು ಮೊದಲಿನಿಂದ ಹೇಳಬೇಕು.

ಆದ್ದರಿಂದ ವೈಕುಂಠ ಸಮಾರಾಧನೆಯ ಕಾರ್ಡಿನ ಮಾತು ಬಂದಾಗ ನಾನು ಮಡಚುತ್ತಿದ್ದ ಕುರ್ಚಿಯನ್ನು ಹಾಗೇ ಬಿಟ್ಟು ಎದ್ದು ನಿಂತೆ. ಅದನ್ನು ನನಗೆ ಬಿಡಿ, ನಾನು ಮಾಡುತ್ತೇನೆ ಎಂದೆ. ಎರಡು ಸಾಲು ಬರೆದು ಕಳಿಸಿದರೆ ಸಾಲದೇ ಎಂದು ಪ್ರಮೀಳಾ ಕೇಳಿದಳು. ನಾನು ಕರುಣೆಯಿಂದ ನಕ್ಕೆ. ಸಾವಿನ ಮನೆಯಲ್ಲಿ ನಗಬಾರದೆಂದು ಆಮೇಲೆ ನೆನಪಾಯಿತು.

ನನ್ನ ಈ ಧೈರ್ಯಕ್ಕೆ ಕಾರಣವಿತ್ತು. ನಾನು ಅಂಬತ್ತೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಪಂಪು, ವಾಲ್ವು, ಬೇರಿಂಗು ಮಾಡುವ ಕಾರ್ಖಾನೆಗಳ ಬಿಡಿಭಾಗಗಳ ಕೈಪಿಡಿಯನ್ನು ನಾವು ಸಿದ್ಧಪಡಿಸುತ್ತಿದ್ದೆವು. ಗಿರಾಕಿ ಕಳಿಸಿದ ಬರಹ ಎಕ್ಸ್‌ಎಂಎಲ್ ಎಂಬ ಕಡತದಲ್ಲಿರುತ್ತದೆ. ಅದು ಪುಟದ ಮೇಲೆ ಹೇಗೆ ಕಾಣಬೇಕು, ಯಾವ ಬಣ್ಣ, ಯಾವ ಅಂಚು ಎಂಬುದನ್ನು ಹೇಳುವ ಇನ್ನೊಂದು ಕಡತಕ್ಕೆ ಸ್ಟೈಲ್‌ಶೀಟ್ ಎಂದು ಹೆಸರು. ಬರಹ ಮೈಯಾದರೆ ಸ್ಟೈಲ್‌ಶೀಟ್ ಬಟ್ಟೆ. ನಾನು ದರ್ಜಿ. ನಮ್ಮ ಕಂಪನಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಗಿರಾಕಿಯ ಮೂಲ ಬರಹವನ್ನು ಯಾರೂ ಮುಟ್ಟುವಂತಿಲ್ಲ. ಕಾರ್ಖಾನೆಯ ಹೆಸರೇ ಬದಲಾಗಿದ್ದರೂ ಮೂಲದಲ್ಲಿ ಹಳೆಯ ಹೆಸರು ಹಾಗೇ ಇರಬೇಕು. ಪುಟಕ್ಕೆ ಇಳಿಯುವ ಹೊತ್ತಿಗೆ ಸ್ಟೈಲ್‌ಶೀಟು ಹಳೆಯ ಅಕ್ಷರಗಳನ್ನು ತೆಗೆದು ಹೊಸದನ್ನು ಹಾಕಬೇಕು. ವರ್ಷಗಟ್ಟಲೆ ಇದನ್ನೇ ಮಾಡಿ ನನಗೆ ಇದು ಸ್ವಭಾವವೇ ಆಗಿಬಿಟ್ಟಿತ್ತು. ಹೊಸದಾಗಿ ಬರೆಯುವುದು ನಮ್ಮ ಕುಲದ ಆಚಾರವಲ್ಲ. ಇದ್ದುದನ್ನೇ ಬದಲಿಸಬೇಕು.

ಇದ್ದುದು ಯಾವುದು? ಸುಧಾಳ ಮದುವೆಯ ಕಾರ್ಡು! ಎರಡು ವರ್ಷದ ಹಿಂದೆ ಅದನ್ನು ನಾನೇ ಇದೇ ವಿಧಾನದಲ್ಲಿ ತಯಾರಿಸಿದ್ದೆ. ಕೆಂಪು ಅಂಚು, ನಾಲ್ಕೂ ಮೂಲೆಗೆ ಅರಿಶಿನದ ಬಣ್ಣ. ರೈಲ್ವೆಯಿಂದ ನಿವೃತ್ತರಾಗಿದ್ದ ಮಾವನವರು ಸಂಜೆ ಮರೀನಾದಲ್ಲಿ ಕೂರುವ ತಮ್ಮ ಹಳೆಯ ಸಹೋದ್ಯೋಗಿಗಳಿಗೆಲ್ಲ ಅದನ್ನು ತೋರಿಸಿ, ನಮ್ಮ ಅಳಿಯ ಕಂಪ್ಯೂಟರಿನಲ್ಲಿ ಮಾಡಿದ್ದು ಎಂದು ಹೇಳಿಕೊಂಡಿದ್ದರಂತೆ. ಜೀವಮಾನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೇ ಕಡತದಿಂದ ಅವರ ಸಮಾರಾಧನೆಯ ಕಾರ್ಡು ಮಾಡುವುದು ನನಗೆ ಒಂದು ರೀತಿಯ ಗೌರವ ಸಲ್ಲಿಕೆಯಂತೆ ಕಂಡಿತು.

ಹೊರಡುವ ಮುಂಚೆ ಅತ್ತೆ ಕರೆದರು. ಅವರು ಕೇಳಿದ್ದು ಒಂದೇ ಒಂದು ಸಂಗತಿ. ಮಾವನವರಿಗೆ ಪ್ರಾಣೇಶ ಎಂಬ ತಮ್ಮ ಬಳ್ಳಾರಿಯಲ್ಲಿದ್ದರು. ಅವರ ತಾಯಿಯ ಶ್ರಾದ್ಧವನ್ನು ಬಳ್ಳಾರಿಯಲ್ಲಿ ಮಾಡಬೇಕೋ ಮದ್ರಾಸಿನಲ್ಲಿ ಮಾಡಬೇಕೋ ಎಂಬ ವಿಷಯಕ್ಕೆ ಅಣ್ಣತಮ್ಮಂದಿರಲ್ಲಿ ಮಾತು ಬೆಳೆದು, ಕೊನೆಗೆ ಇಬ್ಬರೂ ಬೇರೆ ಬೇರೆ ಊರಿನಲ್ಲಿ ಅದೇ ತಾಯಿಗೆ ಬೇರೆ ಬೇರೆ ಪಿಂಡ ಇಟ್ಟುಕೊಂಡು ವರ್ಷಗಳನ್ನು ಕಳೆದಿದ್ದರು. ಸುಧಾಳ ಮದುವೆಗೂ ಮಾವನವರು ತಮ್ಮನನ್ನು ಕರೆಯಲಿಲ್ಲ. ನಾನಂತೂ ಆ ಚಿಕ್ಕಮಾವನವರ ಮುಖವನ್ನೇ ಕಂಡಿರಲಿಲ್ಲ. ಈಗ ಅಣ್ಣ ಹೋದ ಸುದ್ದಿ ತಿಳಿಸೋಣವೆಂದರೆ ಡೈರಿಯಲ್ಲಿದ್ದ ನಂಬರು ಹೋಗುತ್ತಿರಲಿಲ್ಲ. ಅವರ ಮಗನ ಇ-ಮೇಲ್ ವಿಳಾಸ ಮಾತ್ರ ಸುಧಾಳ ಹತ್ತಿರವಿತ್ತು.

"ಹತ್ತನೇ ದಿನ ದಾಯಾದಿಗಳು ಧರ್ಮೋದಕ ಬಿಡ್ತಾರಲ್ಲ ಮಾಪ್ಳೆ, ಅದಕ್ಕೆ ಪ್ರಾಣೇಶ ಬರಬೇಕು," ಎಂದರು ಅತ್ತೆ, ಅಳಿಯನನ್ನು ಮಾಪ್ಳೆ ಎಂದೇ ಕರೆಯುವ ತಮ್ಮ ತಮಿಳು ಬೆರೆತ ಕನ್ನಡದಲ್ಲಿ. "ತಮ್ಮನ ಕೈಯಿಂದ ಒಂದು ಬೊಗಸೆ ನೀರು ಬಿದ್ರೆ ಸಾಕು. ಅವರಿಗೆ ಆ ಕುರೈ, ಆ ಕೊರತೆ ಇರಬಾರ್ದು. ಅವನು ರೊಂಬ ಕೋಪಿಷ್ಠ. ಒಂದು ಮಾತು ಹೆಚ್ಚುಕಮ್ಮಿ ಆದ್ರೂ ಬರಲ್ಲ. ನೋಡಿ ಬರೀರಿ."

ನೋಡಿಯೇ ಬರೆಯುತ್ತೇನೆ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ. ಆ ಹೊತ್ತಿಗೆ ನನ್ನ ಕಣ್ಣಲ್ಲೂ ನೀರು ಬಂದಿತ್ತು. ನನ್ನ ಉದ್ದೇಶದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲವೆಂದು ಇಲ್ಲಿ ದಾಖಲಿಸಬಯಸುತ್ತೇನೆ.

ವೇಲಚೇರಿಗೆ ಆಗಿನ್ನೂ ರೈಲು ಬಂದಿರಲಿಲ್ಲ. ಬಸ್ಸಿನಲ್ಲಿ ನೇತಾಡಿಕೊಂಡು ನಮ್ಮ ಫ್ಲ್ಯಾಟಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಮದುವೆಯ ಬರಹ ತೆರೆದುಕೊಂಡಿತು. 'ವೆಂಕೋಬರಾವ್ ಮಾಡುವ ವಿಜ್ಞಾಪನೆಗಳು. ನನ್ನ ಪುತ್ರಿ ಸುಧಾಳ ವಿವಾಹ ಮಹೋತ್ಸವವು' ಎಂದು ಶುರುವಾಗಿ, ದಿನ, ಮಂಟಪ ಎಲ್ಲ ಹೇಳಿ, 'ಸಕುಟುಂಬ ಸಪರಿವಾರ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕು' ಎಂದು ಕೋರಿ, ಕೆಳಗೆ ಮತ್ತೆ ಮಾವನವರ ಹೆಸರಿನೊಂದಿಗೆ ಮುಗಿಯುತ್ತಿತ್ತು. ಇದರಲ್ಲಿ ನಾಲ್ಕೇ ನಾಲ್ಕು ತಿದ್ದುಪಡಿ ಸಾಕಾಗಿತ್ತು. ಕರೆಯುವವರ ಜಾಗದಲ್ಲಿ ಮಾವನವರ ಬದಲು ಗುರುರಾಜನ ಹೆಸರು. 'ನನ್ನ ಪುತ್ರಿ ಸುಧಾಳ' ಎಂಬಲ್ಲಿ 'ನನ್ನ ತೀರ್ಥರೂಪರಾದ ವೆಂಕೋಬರಾಯರ'. ವಧೂವರರು ಇರುವ ಸಾಲಿಗೆ ತಕ್ಕ ಬೇರೆ ಸಾಲು. ಕೊನೆಗೆ ವಿವಾಹ ಮಹೋತ್ಸವ, ಅದರ ದಿನ ಮತ್ತು ಮಂಟಪದ ಬದಲು ವೈಕುಂಠ ಸಮಾರಾಧನೆ, ಅದರ ದಿನ ಮತ್ತು ಮನೆಯ ವಿಳಾಸ.

ಬಟ್ಟೆಯ ಕೆಲಸ ಮೊದಲು ಮುಗಿಸಿದೆ. ಕೆಂಪು ಅಂಚು ಕಪ್ಪಾಯಿತು. ಅರಿಶಿನ ಹೋಯಿತು. ಕಪ್ಪು ಅಂಚು ಎಷ್ಟು ಗಂಭೀರವಾಗಿ ಬಂದಿತೆಂದರೆ ನಾನೇ ಒಂದು ಕ್ಷಣ ಕೈಮುಗಿದೆ.

ಅಕ್ಷರಗಳ ಕೆಲಸ ಅಷ್ಟು ಸುಲಭವಾಗಲಿಲ್ಲ. ಆ ಕಾಲದ ಸ್ಟೈಲ್‌ಶೀಟಿಗೆ ಒಂದು ಪದವನ್ನು ತೆಗೆದು ಇನ್ನೊಂದನ್ನು ಇಡುವ ವಿದ್ಯೆ ನೇರವಾಗಿ ಬರುತ್ತಿರಲಿಲ್ಲ. ಅಕ್ಷರಕ್ಕೆ ಅಕ್ಷರ ಬದಲಿಸುವ ಒಂದು ಉಪಾಯ ಮಾತ್ರ ಗೊತ್ತಿತ್ತು. ಆಫೀಸಿನಲ್ಲಿ ಅಲ್ಪವಿರಾಮವನ್ನು ಚುಕ್ಕಿ ಮಾಡಲು ಅದನ್ನು ಬಳಸಿದ್ದೆ, ಈಗ ಇಡೀ ಹೆಸರಿಗೇ ಬಳಸಿದೆ. ಹಳೆಯ ಹೆಸರಿನ ಮೊದಲ ಅಕ್ಷರ ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲ ಹೊಸ ಹೆಸರಿನ ಮೊದಲ ಅಕ್ಷರ ಬಂದು ಕೂತಿತು. ಎರಡನೆಯದಕ್ಕೆ ಎರಡನೆಯದು. ಹೀಗೆ ಇಡೀ ಕಾರ್ಡಿನಲ್ಲಿ ಯಾವ ಪದವೂ ತನ್ನ ಜಾತಿಯಲ್ಲಿ ಉಳಿಯಲಿಲ್ಲ. ಮಾವನವರ ಹೆಸರು ಯಾವುದೋ ಕೆಮ್ಮಿನ ಔಷಧದ ಹೆಸರಿನಂತೆ ಕಂಡಿತು. ಅಳಿಸಿದೆ. ಮತ್ತೆ ಬರೆದೆ. ಮಧ್ಯಾಹ್ನವೆಲ್ಲ ಅದರಲ್ಲೇ ಕಳೆಯಿತು. ಮೂಲ ಬರಹವನ್ನು ತೆರೆದು ನಾಲ್ಕು ಪದ ತಿದ್ದಿದ್ದರೆ ಕಾಫಿ ಆರುವ ಮೊದಲು ಕೆಲಸ ಮುಗಿಯುತ್ತಿತ್ತು. ಆದರೆ ಮೂಲ ಬರಹವನ್ನು ಮುಟ್ಟಬಾರದಲ್ಲ! ಗಿರಾಕಿಯೇ ಪರಲೋಕಕ್ಕೆ ಹೋಗಿದ್ದರೂ ನಿಯಮ ನಿಯಮವೇ.

ಕೊನೆಗೆ ಸರಿಯಾದ ದಾರಿ ಹಿಡಿದೆ. ಬೇಡದ ಪದದ ಹಿಂದಿನ ಭಾಗವನ್ನು ಕತ್ತರಿಸು, ಮುಂದಿನ ಭಾಗವನ್ನು ಕತ್ತರಿಸು, ನಡುವೆ ಹೊಸ ಪದವನ್ನು ಇಟ್ಟು ಹೊಲಿ. ಮೊದಲನೆಯ ತಿದ್ದುಪಡಿ ಬರೆದು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಗುರುರಾಜನ ಹೆಸರು ಸರಿಯಾಗಿ ಬಂದಿತ್ತು. ಎರಡನೆಯದನ್ನು ಬರೆದು ಓಡಿಸಿದೆ. 'ನನ್ನ ತೀರ್ಥರೂಪರಾದ' ಸೊಗಸಾಗಿ ಕೂತಿತ್ತು. ಮೂರನೆಯದೂ ಸರಿ. ನಾಲ್ಕನೆಯದನ್ನು ಓಡಿಸಿದಾಗ ವೈಕುಂಠ ಸಮಾರಾಧನೆ, ದಿನ, ವಿಳಾಸ ಎಲ್ಲ ಇದ್ದ ಜಾಗದಲ್ಲಿ ಇದ್ದವು. ಪ್ರತಿ ಸಲವೂ ನಾನು ಬದಲಿಸಿದ ಪದವನ್ನು ಮಾತ್ರ ನೋಡಿದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಪರೀಕ್ಷೆ ಎನ್ನುತ್ತಾರೆ.

ಕಾರ್ಡನ್ನು ಚಿತ್ರ ಮಾಡಿ ಬಂಧುಮಿತ್ರರ ಇಡೀ ಪಟ್ಟಿಗೆ, ಬಳ್ಳಾರಿಯ ವಿಳಾಸವನ್ನು ಎಲ್ಲಕ್ಕಿಂತ ಮೊದಲು ಸೇರಿಸಿ, ಒಂದೇ ಗುಂಡಿ ಒತ್ತಿ ಕಳಿಸಿದೆ. ಪ್ರಮೀಳಾಗೆ ಫೋನ್ ಮಾಡಿದಾಗ ಕಳಿಸುವ ಮೊದಲು ತನಗೊಮ್ಮೆ ತೋರಿಸಬಾರದಿತ್ತೇ ಎಂದಳು. ನಾಲ್ಕು ಸಲ ಪರೀಕ್ಷೆ ಮಾಡಿದ್ದೇನೆ ಎಂದೆ. ನಿಜವೇ ಹೇಳಿದ್ದೆ.

ಮರುದಿನ ಬೆಳಿಗ್ಗೆ ನಾನು ತ್ರಿಪ್ಲಿಕೇನಿಗೆ ಬರುವಷ್ಟರಲ್ಲಿ ಮನೆಯ ಫೋನು ಎಡೆಬಿಡದೆ ಬಡಿದುಕೊಳ್ಳುತ್ತಿತ್ತು. ಮೊದಲ ಕರೆ ನಾಗಪುರದಿಂದ, ಸುಧಾಳ ಗಂಡನದು. ಫೋನ್ ಎತ್ತಿದವಳು ಸುಧಾಳೇ. ಅವಳು ಹಲೋ ಅಂದ ದನಿ ಕೇಳಿದ್ದೇ ಆ ಮನುಷ್ಯ ಮಗುವಿನ ಹಾಗೆ ಅಳತೊಡಗಿದನಂತೆ. ಅದಾದ ಮೇಲೆ ಮೈಲಾಪುರದ ದೂರದ ನೆಂಟರೊಬ್ಬರು ಮಾಡಿದರು. ಅವರಿಗೆ ಮಾವನವರು ಹೋದದ್ದೇ ಗೊತ್ತಿರಲಿಲ್ಲ. ಇಂಥ ದುಃಖದಲ್ಲಿ ವೆಂಕೋಬರಾಯರಿಗೆ ನಾಲ್ಕು ಸಮಾಧಾನದ ಮಾತು ಹೇಳಬೇಕು, ಅವರನ್ನು ಫೋನಿಗೆ ಕರೆಯಮ್ಮ, ನೀನು ಯಾರು, ಎಂದು ಕೇಳಿದರು. ನಾನು ಸುಧಾ ಎಂದಳು ಇವಳು. ಅವರು ಫೋನು ಇಟ್ಟುಬಿಟ್ಟರು.

ಗುರುರಾಜ ಕೆಲಸ ಮಾಡುವ ಬ್ಯಾಂಕಿನವರು ಯಾರೋ ಕಾರ್ಡನ್ನು ಅಚ್ಚು ಹಾಕಿಸಿ ತಂದಿದ್ದರು. ಅದನ್ನು ಪ್ರಮೀಳಾ ನನ್ನ ಕೈಗಿಟ್ಟಳು. ಗಂಭೀರವಾದ ಕಪ್ಪು ಅಂಚಿನ ನಡುವೆ ಹೀಗಿತ್ತು: 'ವೆಂಕೋಬರಾವ್ ಮಾಡುವ ವಿಜ್ಞಾಪನೆಗಳು. ನನ್ನ ಪುತ್ರಿ ಸುಧಾಳ ವೈಕುಂಠ ಸಮಾರಾಧನೆಯು ಇದೇ ಗುರುವಾರ ತ್ರಿಪ್ಲಿಕೇನಿನ ನಮ್ಮ ಸ್ವಗೃಹದಲ್ಲಿ ನಡೆಯಲಿರುವುದರಿಂದ ತಾವು ಸಕುಟುಂಬ ಸಪರಿವಾರ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕು.' ಕೆಳಗೆ ಮಾವನವರ ಹೆಸರು.

ಆದದ್ದಿಷ್ಟು. ನಾಲ್ಕೂ ತಿದ್ದುಪಡಿಗಳನ್ನು ನಾನು ಒಂದರ ಮೇಲೊಂದು ಮಾಡಿರಲಿಲ್ಲ. ಪ್ರತಿ ಸಲವೂ ಹೊಸದಾಗಿ ಮೂಲ ಬರಹವನ್ನೇ ಎತ್ತಿಕೊಂಡು ಒಂದೊಂದನ್ನು ಮಾಡಿದ್ದೆ. ಹಾಗಾಗಿ ಎರಡನೆಯದನ್ನು ಮಾಡುವಾಗ ಮೊದಲನೆಯದು ಹೋಗಿತ್ತು, ಮೂರನೆಯದನ್ನು ಮಾಡುವಾಗ ಎರಡನೆಯದು. ಕೊನೆಗೆ ಉಳಿದದ್ದು ನಾಲ್ಕನೆಯದು ಮಾತ್ರ. ಸತ್ತವರು ಬದುಕಿದ್ದರು, ಬದುಕಿದ್ದವಳು ಸತ್ತಿದ್ದಳು, ಸತ್ತವರೇ ಮುಂದೆ ನಿಂತು ಕರೆಯುತ್ತಿದ್ದರು.

ಸುಧಾ ಮಾತ್ರ ಕೂಗಾಡಲಿಲ್ಲ. ಅವಳು ಬಂದ ಪ್ರತಿಯೊಂದು ಕರೆಗೂ ತಾನೇ ಉತ್ತರ ಕೊಟ್ಟಳು. ಅಪ್ಪನಿಗೆ ಅತ್ತು ಅತ್ತು ಗಂಟಲು ಕಟ್ಟಿದ್ದ ಹುಡುಗಿ ದಿನವಿಡೀ ಕೂತು, ನಾನಲ್ಲ, ಅಪ್ಪ, ನಾನಲ್ಲ, ಅಪ್ಪ, ಎಂದು ಹೇಳಿದಳು. ಒಂದೊಂದು ಸಲ ಹೇಳುವಾಗಲೂ ಅವಳಿಗೆ ಅಪ್ಪ ಮತ್ತೊಮ್ಮೆ ಸತ್ತಂತೆ ಆಗುತ್ತಿತ್ತು. ನನಗೆ ಅವಳ ಮುಖ ನೋಡುವ ಧೈರ್ಯವಾಗದೆ ಕುರ್ಚಿಗಳನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದೆ.

ತಪ್ಪು ಮಾಡಿದವನೇ ತಿದ್ದಬೇಕಲ್ಲವೇ? ಪಕ್ಕದ ಬೀದಿಯ ಬ್ರೌಸಿಂಗ್ ಸೆಂಟರಿಗೆ ಓಡಿ ಎಲ್ಲರಿಗೂ ಒಂದು ಪತ್ರ ಕಳಿಸಿದೆ. ಆಫೀಸಿನ ಅಭ್ಯಾಸಬಲದಿಂದ ಅದು ಹೀಗೆ ಬಂತು: 'ಹಿಂದಿನ ಪತ್ರದಲ್ಲಿ ಸೌಭಾಗ್ಯವತಿ ಸುಧಾ ಎಂದಿರುವ ಕಡೆ ದಿವಂಗತ ವೆಂಕೋಬರಾವ್ ಎಂದು ಓದಿಕೊಳ್ಳಬೇಕಾಗಿ ಕೋರಿಕೆ. ಅನನುಕೂಲಕ್ಕಾಗಿ ವಿಷಾದಿಸುತ್ತೇವೆ.' ಇದನ್ನು ಓದಿದ ಒಬ್ಬ ಹಿರಿಯರು, ನಿಮ್ಮ ಮನೆಯಲ್ಲಿ ಸದ್ಯಕ್ಕೆ ಯಾರು ಯಾರು ಇದ್ದಾರೆ ಎಂಬುದನ್ನು ದಯವಿಟ್ಟು ಸ್ಪಷ್ಟಪಡಿಸಿ ಎಂದು ಉತ್ತರ ಬರೆದರು.

ಬಳ್ಳಾರಿಯ ಉತ್ತರ ಸಂಜೆಗೆ ಬಂತು. ಪ್ರಾಣೇಶರ ಮಗ ಬರೆದಿದ್ದ. ಮೊದಲ ಕಾರ್ಡನ್ನು ಅಚ್ಚು ಹಾಕಿ ಅಪ್ಪನಿಗೆ ಕೊಟ್ಟೆ, ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು ಯಾರ ಮಾತೂ ಕೇಳದೆ ಮದ್ರಾಸಿಗೆ ಹೊರಟುಹೋದರು, ಅವರ ಬಳಿ ಮೊಬೈಲ್ ಇಲ್ಲ. ಅಂದರೆ, ಆ ಮುದುಕರು ಅಣ್ಣನ ಮಗಳು ಹೋದಳೆಂದುಕೊಂಡು, ಅಣ್ಣನನ್ನು ಸಮಾಧಾನಪಡಿಸಲು ಬರುತ್ತಿದ್ದರು.

ಅತ್ತೆಗೆ ಹೇಳಿದೆವು. ಬರ್ತಾನಲ್ಲ, ಬರಲಿ ಬಿಡಿ, ಎಂದಷ್ಟೇ ಹೇಳಿದರು.

ಹತ್ತನೆಯ ದಿನ ಬೆಳಿಗ್ಗೆ ನಾನು ಬೀದಿಯ ತುದಿಯಲ್ಲಿ ಕಾವಲು ನಿಂತೆ. ಮನೆಯ ಬಾಗಿಲಿಗೆ ಬರುವ ಮೊದಲೇ ಅವರನ್ನು ತಡೆದು, ಮೆಲ್ಲಗೆ ವಿಷಯ ತಿಳಿಸುವುದು ನನ್ನ ಯೋಜನೆಯಾಗಿತ್ತು. ಒಂದೇ ತೊಡಕೆಂದರೆ ಅವರನ್ನು ನಾನು ನೋಡಿರಲಿಲ್ಲ. ಪಂಚೆ ಉಟ್ಟು, ಚೀಲ ಹಿಡಿದ ವಯಸ್ಸಾದವರು ತ್ರಿಪ್ಲಿಕೇನಿನಲ್ಲಿ ಬೆಳಗಿನ ಹೊತ್ತು ಎಷ್ಟು ಮಂದಿ ಓಡಾಡುತ್ತಾರೆಂಬ ಕಲ್ಪನೆಯೂ ನನಗಿರಲಿಲ್ಲ. ಒಬ್ಬೊಬ್ಬರನ್ನೂ ತಡೆದು ಬಳ್ಳಾರಿಯವರೇ ಎಂದು ಕೇಳಿದೆ. ಒಬ್ಬರು ಲಾಡ್ಜಿಗೆ ಗಿರಾಕಿ ಹಿಡಿಯುವವನೆಂದು ತಿಳಿದು, ರೂಮು ವೇಣಾಂಪ್ಪಾ, ಬೇಡಪ್ಪಾ, ಎಂದು ಬೈದು ಹೋದರು. ಇನ್ನೊಬ್ಬರನ್ನು ಅರ್ಧ ಬೀದಿ ಹಿಂಬಾಲಿಸಿ, ಅವರ ಚೀಲ ಇಸಿದುಕೊಂಡು, ಧೈರ್ಯ ತಂದುಕೊಳ್ಳಿ ಎಂದು ಹೇಳಿಯೂ ಬಿಟ್ಟಿದ್ದೆ. ಅವರು ಹಾಲು ತರಲು ಹೊರಟವರು.

ಅಷ್ಟರಲ್ಲಿ ಚಿಕ್ಕಮಾವನವರು ಇನ್ನೊಂದು ಬೀದಿಯಿಂದ ಬಂದಾಗಿತ್ತು. ನಾನು ಓಡಿ ಬಂದಾಗ ಅವರು ಜಗಲಿಯ ಮೇಲೆ ನಿಂತಿದ್ದರು. ಮಾವನವರದೇ ಎತ್ತರ, ಅದೇ ಮೂಗು. ಬಾಗಿಲು ತೆರೆದವಳು ಸುಧಾ. ಅವರು ಅವಳ ಮುಖವನ್ನು ನೋಡಿದರು, ಕೈಯಲ್ಲಿದ್ದ ಕಾರ್ಡನ್ನು ನೋಡಿದರು, ಮತ್ತೆ ಮುಖವನ್ನು ನೋಡಿದರು. ಅವಳ ಕೆನ್ನೆಯನ್ನು ಮುಟ್ಟಿ ನೋಡಿದರು. ಅವರ ಚೀಲ ಕೆಳಗೆ ಬಿತ್ತು.

"ಸುಧಾ ಅಲ್ಲೇನು ನೀ? ಎರಡು ಸಾಲು ಓದಿದೆ ನೋಡವ್ವ, ಮುಂದ ಕಣ್ಣು ಕಾಣಲಿಲ್ಲ," ಎಂದು ಅಳುತ್ತ ನಗತೊಡಗಿದರು. "ಮದುವಿಗಿ ಕರೀಲಿಲ್ಲ, ಇದಕ್ಕರ ಕರದಾನಲ್ಲ ಅಂತ ಬಂದೆ. ತನ್ನ ಹೆಸರು ಹಾಕಿ ಕರದಾನ. ಎಲ್ಲದಾನ ಅಣ್ಣ?"

ಸುಧಾ ತಲೆ ತಗ್ಗಿಸಿದಳು. ಪ್ರಮೀಳಾ ನನ್ನ ಕಡೆ ನೋಡಿದಳು. ಸ್ಪಷ್ಟೀಕರಣ ಕೊಡಬೇಕಾದವನು ನಾನೇ ಎಂದು ತಿಳಿದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ನಿಧಾನವಾಗಿ ಬಂದು ಬಾಗಿಲಲ್ಲಿ ನಿಂತರು. ಚಿಕ್ಕಮಾವನವರು ಅವರ ಬರಿಯ ಹಣೆಯನ್ನು ನೋಡಿದರು. ಹಾಗೇ ಜಗಲಿಯ ಮೇಲೆ ಕುಸಿದು ಕೂತರು.

ಹಿತ್ತಲಿನಲ್ಲಿ ಪುರೋಹಿತರು ದಾಯಾದಿಗಳನ್ನು ಕರೆದರು. ಚಿಕ್ಕಮಾವನವರು ಬಾವಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಬಂದು ಗುರುರಾಜನ ಪಕ್ಕ ಕೂತರು. ಮೊದಲ ಸಲ ಬೊಗಸೆಯ ನೀರೆಲ್ಲ ಮೊಣಕೈಗುಂಟ ಇಳಿದುಹೋಯಿತು. ಪುರೋಹಿತರು ಇನ್ನೊಮ್ಮೆ ಹಾಕಿಸಿದರು. ಎರಡನೆಯ ಸಲ ಬಿಟ್ಟ ನೀರು ಕಲ್ಲಿನ ಮೇಲೆ ಬಿತ್ತು. ಅದನ್ನು ಅತ್ತೆ ಅಡುಗೆಮನೆಯ ಕಿಟಕಿಯಿಂದ ನೋಡಿದರು. ನಾನು ಅವರ ಹಿಂದೆ ನಿಂತಿದ್ದೆ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು. ಆದರೆ ಆ ಮನೆಯಲ್ಲಿ ಆ ಮಾತನ್ನು ಬಳಸುವ ಹಕ್ಕು ನನಗೆ ಉಳಿದಿರಲಿಲ್ಲ.

ಚಿಕ್ಕಮಾವನವರು ಸಮಾರಾಧನೆಯ ತನಕ ಇದ್ದರು. ಎಲೆಯ ಮುಂದೆ ಕೂತು ಬಡಿಸಿದ್ದನ್ನೆಲ್ಲ ಉಂಡರು. ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ಕಾರ್ಡು ಮಾಡಿದವನು ನೀನೇ ಏನು ಎಂದು ಕೇಳಿದರು. ಹೌದೆಂದೆ. ಕೆಳಗೆ ಅಣ್ಣನ ಹೆಸರು ಹಾಕಿದ್ದೂ ನೀನೇ ಏನು ಎಂದರು. ಅದು ಮೊದಲೇ ಇತ್ತು, ತೆಗೆಯಬೇಕಾಗಿತ್ತು, ತೆಗೆದಿದ್ದೆ ಕೂಡ, ಆದರೆ ಉಳಿಯಲಿಲ್ಲ, ಎಂದು ತೊದಲಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು.

"ಅವನೇ ಹಾಕ್ಯಾನ ಅಂದ್ಕೊಂಡಿದ್ದೆ," ಎಂದರು.

ಸಾವಿನ ಮನೆಯಿಂದ ಹೊರಡುವಾಗ ಹೋಗಿಬರುತ್ತೇನೆಂದು ಹೇಳುವ ಪದ್ಧತಿಯಿಲ್ಲ. ಅವರೂ ಹೇಳದೆ ಮೆಟ್ಟಿಲಿಳಿದು ಹೋದರು.

ಆ ಸಂಜೆ ನೆಂಟರೆಲ್ಲ ಖಾಲಿಯಾದ ಮೇಲೆ ನನ್ನೊಳಗಿನ ಎಂಜಿನಿಯರು ಮೆಲ್ಲಗೆ ತಲೆಯೆತ್ತಿದ. ಒಂದು ಲೆಕ್ಕದಲ್ಲಿ ನೋಡಿದರೆ, ಕಾರ್ಡು ಸರಿಯಾಗಿದ್ದರೆ, ಗುರುರಾಜನ ಹೆಸರಿನಲ್ಲಿ ಹೋಗಿದ್ದರೆ, ಅವರು ಬರುತ್ತಲೇ ಇರಲಿಲ್ಲವೇನೋ, ಎಂದು ಪ್ರಮೀಳಾಗೆ ಹೇಳಿದೆ. ಅವಳು ಪಾತ್ರೆಗಳನ್ನು ಎಣಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದ ನೋಟಕ್ಕೆ ಎಂಜಿನಿಯರು ಮತ್ತೆ ತಲೆ ಒಳಗೆ ಎಳೆದುಕೊಂಡ.

ಕಂಬಕ್ಕೆ ಒರಗಿ ಕೂತಿದ್ದ ಅತ್ತೆಗೆ ಇದು ಕೇಳಿಸಿರಬೇಕು. ನನ್ನನ್ನು ಹತ್ತಿರ ಕರೆದರು. ಕೂರಿಸಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಮಾಪ್ಳೆ, ನನ್ನ ಕಾಲ ಬಂದಾಗ ಕಾರ್ಡು ಗೀರ್ಡು ಒಂದೂ ಬೇಡ. ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳಿಬಿಡಿ, ಅಷ್ಟೇ ಪೋದುಂ."

"ಆಗಲಿ ಅತ್ತೆ," ಎಂದೆ ಭಕ್ತಿಯಿಂದ. "ಖಂಡಿತ ಹಾಗೇ ಮಾಡ್ತೀನಿ."

ಹೇಳಿ ಮುಗಿಸಿದ ಮೇಲೆ ನಾನು ಯಾವುದಕ್ಕೆ ಅಷ್ಟು ಉತ್ಸಾಹದಿಂದ ಒಪ್ಪಿಕೊಂಡೆನೆಂಬುದು ತಲೆಗೆ ಹೊಳೆಯಿತು. ಹಾಗಲ್ಲ ಅತ್ತೆ, ನಾನು ಹೇಳಿದ್ದು ಏನೆಂದರೆ, ಎಂದು ಶುರುಮಾಡಿದೆ.

ಅವರು ಕೈ ಅಡ್ಡ ಹಿಡಿದರು.

"ಸಾಕು," ಎಂದರು. "ತಿದ್ದೋಕೆ ಹೋಗ್ಬೇಡಿ."